ಮಗನ ಪಾಲಿನ ನಿದ್ದೆ

ಆ ಮನೆಯಲ್ಲಿ ಬೆಳಗ್ಗೆ ಎಂಟಕ್ಕೆ ರಾತ್ರಿಯಾಗುತ್ತಿತ್ತು. ಬೀದಿಯಲ್ಲಿ ಶಾಲೆಗೆ ಹೋಗುವ ಮಕ್ಕಳ ಗಲಾಟೆ ಶುರುವಾಗುವ ಹೊತ್ತಿಗೆ ಸರಿಯಾಗಿ ಮೂರನೇ ಮಹಡಿಯ ಆ ಎರಡು ಕೋಣೆಗಳ ಕಿಟಕಿಗೆ ಕಂಬಳಿ ಬೀಳುತ್ತಿತ್ತು, ರೇಡಿಯೋ ಬಾಯಿ ಮುಚ್ಚುತ್ತಿತ್ತು, ಸೀಟಿ ಹೊಡೆಯುವ ಮೊದಲೇ ಕುಕ್ಕರ್ ಒಲೆಯಿಂದ ಇಳಿಯುತ್ತಿತ್ತು. ಮನೆಯ ಯಜಮಾನ ಕಾರ್ಖಾನೆಯ ರಾತ್ರಿ ಪಾಳಿಯವರನ್ನು ಕರೆದೊಯ್ದು ಕರೆತರುವ ಬಸ್ಸಿನ ಚಾಲಕ. ಊರು ಏಳುವಾಗ ಅವನು ಮಲಗಬೇಕು. ಮಲಗುತ್ತಿದ್ದ, ಅದರಲ್ಲಿ ಮೋಸವಿಲ್ಲ. ನಿದ್ದೆ ಬರುತ್ತಿತ್ತೇ ಎಂದು ಕೇಳಿದರೆ ಅದು ಬೇರೆ ಮಾತು.

ಅವನ ಹೆಂಡತಿ ಹೊಲಿಗೆಯವಳು. ಹೋಟೆಲುಗಳಿಗೆ ದಿಂಬಿನ ಕವರ್ ಹೊಲಿದು ಕೊಡುತ್ತಿದ್ದಳು. ವಾರಕ್ಕೊಮ್ಮೆ ಬಟ್ಟೆಯ ಗಂಟು ಬರುತ್ತಿತ್ತು, ಕವರಿನ ಗಂಟು ಹೋಗುತ್ತಿತ್ತು. "ಊರವರೆಲ್ಲ ತಲೆಯಿಟ್ಟು ಮಲಗೋ ದಿಂಬಿಗೆ ನಾನು ಕವರ್ ಹೊಲೀತೀನಿ, ನನ್ನ ಗಂಡನಿಗೇ ನಿದ್ದೆಯಿಲ್ಲ ನೋಡಿ" ಎಂದು ಮೆಟ್ಟಿಲಲ್ಲಿ ಸಿಕ್ಕ ನೆರೆಮನೆಯವರ ಹತ್ತಿರ ಹೇಳಿ ನಗುತ್ತಿದ್ದಳು. ನಗು ಬರುವಷ್ಟು ದಿನ ನಕ್ಕಳು ಪಾಪ.

ನಾಲ್ಕು ತಿಂಗಳ ಹಿಂದೆ ಬೆಳಗಿನ ಐದು ಗಂಟೆಗೆ, ಕೆಲಸ ಮುಗಿಸಿದವರನ್ನು ಮನೆಗೆ ಬಿಡಲು ಬರುವಾಗ, ಅವನು ಒಂದೇ ಒಂದು ಕ್ಷಣ ಕಣ್ಣು ಮುಚ್ಚಿದ್ದ. ತೆರೆದಾಗ ಬಸ್ಸಿನ ಮೂತಿ ಪಾರ್ಕಿನ ಗೋಡೆಯೊಳಗಿತ್ತು. ಯಾರೂ ಸಾಯಲಿಲ್ಲ. ಪ್ಯಾಕಿಂಗ್ ವಿಭಾಗದ ಹೆಂಗಸೊಬ್ಬಳ ಕೈ ಎರಡು ಕಡೆ ಮುರಿಯಿತು. ಹನ್ನೆರಡು ವರ್ಷ ಒಂದು ಗೀರೂ ಇಲ್ಲದಂತೆ ಓಡಿಸಿದವನು ಎಂದು ಕಂಪನಿ ಅವನನ್ನು ಉಳಿಸಿಕೊಂಡಿತು. ಆದರೆ ಡಿಪೋದ ಅರವತ್ತು ಚಾಲಕರ ಕೈಗೂ ಒಂದೊಂದು ಪಟ್ಟಿ ಕಟ್ಟಿತು.

"ಕಣ್ಣು ಮುಚ್ಚಿದವನು ನೀನು, ಬೇಡಿ ಬಿದ್ದಿದ್ದು ನಮಗೆ" ಎಂದು ಜೊತೆಯವರು ಎದುರೇ ಅಂದರು. ಅವನು ಕೇಳಿಸಿಕೊಂಡು ಬಂದ.

ಕಪ್ಪು ರಬ್ಬರಿನ ಪಟ್ಟಿ ಅದು. ಗಡಿಯಾರದಂತೆಯೇ, ಆದರೆ ಮುಳ್ಳಿಲ್ಲ, ಅಂಕಿಯಿಲ್ಲ. ಅಡಿಯಲ್ಲಿ ಒಂದು ಹಸಿರು ದೀಪ ಮಿಣಮಿಣ ಎನ್ನುತ್ತಾ ನಾಡಿ ನೋಡುತ್ತಿತ್ತು. ಬಸ್ಸು ಓಡಿಸುವವನಿಗೆ ತೂಕಡಿಕೆ ಬರುವ ಮುಂಚೆಯೇ ಅದಕ್ಕೆ ಗೊತ್ತಾಗಿ, ಮಣಿಕಟ್ಟಿನ ಮೇಲೆ ಗುರ್ರೆಂದು ನಡುಗಿ ಎಚ್ಚರಿಸುತ್ತಿತ್ತು. ಅದೇನೋ ಒಳ್ಳೆಯದೇ. ಅದರ ಎರಡನೆಯ ಕೆಲಸವೇ ಮನೆಯೊಳಗೆ ಕಾಲಿಟ್ಟದ್ದು. ಹಗಲು ಮಲಗುವಾಗಲೂ ಪಟ್ಟಿ ಕಟ್ಟಿಕೊಂಡಿರಬೇಕು. ಐದೂವರೆ ಗಂಟೆ ನಿದ್ದೆ ದಾಖಲಾಗಬೇಕು. ಕಡಿಮೆಯಾದರೆ ಡಿಪೋದ ಪರದೆಯ ಮೇಲೆ ಆ ಚಾಲಕನ ನಂಬರಿನ ಮುಂದೆ ಕೆಂಪು ಚುಕ್ಕೆ ಬೀಳುತ್ತದೆ. ಒಂದೇ ತಿಂಗಳಲ್ಲಿ ಮೂರು ಕೆಂಪು ಬಿದ್ದರೆ ಮಿಕ್ಕವರಿಗೆ ಒಂದು ವಾರ ಸಂಬಳವಿಲ್ಲದ ರಜೆ. ಒಮ್ಮೆ ಗೋಡೆಗೆ ಗುದ್ದಿದ ಇವನಿಗೆ ಮಾತ್ರ ಮೂರನೆಯ ಕೆಂಪೇ ಕೊನೆ. ಕೆಲಸವೇ ಇಲ್ಲ ಎಂದು ಬರೆಸಿ ಸಹಿ ಹಾಕಿಸಿಕೊಂಡಿದ್ದರು.

ಸರಿ, ಮನೆಯವರೆಲ್ಲ ಸೇರಿ ಅವನನ್ನು ಮಲಗಿಸಲು ಟೊಂಕ ಕಟ್ಟಿ ನಿಂತರು. ಹದಿನೈದು ವರ್ಷದ ಮಗಳನ್ನು ಮನೆಯಲ್ಲಿ ಗಿಣಿ ಎನ್ನುತ್ತಿದ್ದರು, ಪಾಠವನ್ನು ಗಟ್ಟಿಯಾಗಿ ಒದರದೆ ಅವಳಿಗೆ ಒಂದಕ್ಷರವೂ ತಲೆಗೆ ಹತ್ತುತ್ತಿರಲಿಲ್ಲ. ಪರೀಕ್ಷೆಗೆ ಮನೆಯಲ್ಲೇ ಕೂತು ಓದುತ್ತಿದ್ದ ದಿನಗಳವು. ಗಿಣಿ ಅಡುಗೆಮನೆಯಲ್ಲಿ ಕೂತು ಬರೀ ತುಟಿ ಆಡಿಸುತ್ತಾ ಓದಿದಳು. ಹೊಲಿಗೆಯವಳು ಮಿಷನ್ ನಿಲ್ಲಿಸಿ ಗುಂಡಿ ಹಚ್ಚುವ ಕೆಲಸ ಮಾಡಿದಳು.

"ಮಿಷನ್ ನಿಲ್ಲಿಸ್ತೀಯಾ ಇಲ್ವಾ?" ಒಳಗಿನಿಂದ ಕೂಗು.

"ನಿಲ್ಸಿ ಗಂಟೆ ಆಯ್ತು ರೀ. ಅದು ಕೆಳಗಿನವರ ಮಿಕ್ಸಿ."

"ನನಗೆ ಎಲ್ಲಾ ಒಂದೇ ಥರ ಕೇಳುತ್ತೆ."

"ಕಿವಿಗೆ ಹತ್ತಿ ಇಟ್ಕೊಳ್ಳಿ ಅಂದಿದ್ದೆ."

"ಇಟ್ಕೊಂಡಿದೀನಿ ಮಾರಾಯ್ತಿ! ನಿದ್ದೆ ಬಂತಾ, ಬಂತಾ ಅಂತ ಒಂದು ವಸ್ತು ಕೈಮೇಲೆ ಕೂತು ಕಾಯ್ತಿದ್ರೆ ಯಾರಿಗೆ ತಾನೇ ನಿದ್ದೆ ಬರುತ್ತೆ?"

ಇಷ್ಟೆಲ್ಲದರ ನಡುವೆ ಅತ್ತೆ, ಅಂದರೆ ಚಾಲಕನ ತಾಯಿ, ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಗೊರಕೆ ಹೊಡೆಯುತ್ತಿದ್ದಳು. ಎಪ್ಪತ್ತೆರಡರ ಆ ಮುದುಕಿಗೆ ನಿದ್ದೆ ಎಂದರೆ ಕರೆದಾಗ ಬರುವ ನೆಂಟ. ಬೀನ್ಸ್ ನಾರು ತೆಗೆಯುತ್ತಾ ಮಲಗುವಳು, ಮಾತಿನ ನಡುವೆ ಮಲಗುವಳು, ಒಮ್ಮೆ ಟೀ ಲೋಟ ಬಾಯಿಗಿಟ್ಟುಕೊಂಡೇ ಮಲಗಿದ್ದಳು. ಈಚೆಗಂತೂ ಅದು ಹೆಚ್ಚೇ ಆಗಿತ್ತು. ಮನೆಯವರೆಲ್ಲ ಅದನ್ನು ತಮಾಷೆ ಮಾಡುತ್ತಿದ್ದರು, ಅತ್ತೆಯೂ ಸೇರಿದಂತೆ.

ಮೂರನೇ ವಾರಕ್ಕೆ ಎರಡು ಕೆಂಪು ಬಿದ್ದಿದ್ದವು. ತಿಂಗಳು ಮುಗಿಯಲು ಇನ್ನೂ ಒಂಬತ್ತು ದಿನ ಬಾಕಿ. ಆ ದಿನ ಹನ್ನೊಂದು ಗಂಟೆಗೆ ಹೆಂಡತಿ ಕೋಣೆಗೆ ಇಣುಕಿದಾಗ ಅವನು ಹಾಸಿಗೆಯಲ್ಲಿ ಎದ್ದು ಕೂತು ಗೋಡೆ ನೋಡುತ್ತಿದ್ದ. ಕಣ್ಣು ಕೆಂಡದ ಹಾಗೆ.

"ಎಷ್ಟು ಹೊತ್ತು ಮಲಗಿದ್ರಿ?"

"ಒಂದು ಗಂಟೆ ಇರಬಹುದು. ಇನ್ನು ಬರಲ್ಲ. ಇವತ್ತಿಗೆ ಮುಗೀತು ಅಂದ್ಕೋ."

ಅವಳು ಬಾಗಿಲಲ್ಲಿ ನಿಂತಳು. ಈ ಕಡೆ ನೋಡಿದರೆ ನಿದ್ದೆಯಿಲ್ಲದ ಗಂಡ, ಆ ಕಡೆ ನೋಡಿದರೆ ತೊಡೆಯ ಮೇಲೆ ಬೀನ್ಸ್ ಇಟ್ಟುಕೊಂಡು ಹಾಯಾಗಿ ಮಲಗಿದ ಅತ್ತೆ. ಅವಳೇನು ಯೋಚನೆ ಮಾಡಿ ಮಾಡಲಿಲ್ಲ. ಹರಿದ ಕಡೆ ತೇಪೆ ಹಾಕುವುದು ಅವಳ ಕಸುಬು. ಕೈ ತಾನಾಗಿ ಹೋಯಿತು. ಗಂಡನ ಮಣಿಕಟ್ಟಿನಿಂದ ಪಟ್ಟಿ ಬಿಚ್ಚಿದಳು, ಬಂದು ಅತ್ತೆಯ ಮಣಿಕಟ್ಟಿಗೆ ಕಟ್ಟಿದಳು. ಒಣಗಿದ ಕೈ, ಕೊನೆಯ ತೂತಿಗೆ ಎಳೆದರೂ ಸಡಿಲ. ಒಂದು ಬಟ್ಟೆಯ ಚೂರು ಮಡಿಸಿ ಒಳಗೆ ತುರುಕಿದಳು.

ಅತ್ತೆ ಕಣ್ಣು ಬಿಟ್ಟಳು. "ಏನೇ ಇದು, ನನಗ್ಯಾಕೆ ಗಡಿಯಾರ?"

"ಮಲಗಿ ಅತ್ತೆ. ನಿಮ್ಮ ಮಗನ ಪಾಲಿನ ನಿದ್ದೆ ನೀವು ಮಾಡಿ."

ವಿಷಯ ತಿಳಿದಾಗ ಮುದುಕಿ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಚಿಕ್ಕವನಿದ್ದಾಗ ಇವನ ಪಾಲಿನ ಔಷಧಿನೂ ನಾನೇ ಕುಡೀತಿದ್ದೆ ಕಣೇ, ಕಹಿ ಇಲ್ಲ ಅಂತ ತೋರಿಸೋಕೆ. ಈಗ ಇದೊಂದು. ಆಗಲಿ, ನನಗೇನು ಖರ್ಚು?"

"ಅಜ್ಜೀದು ಅಂತ ಅದಕ್ಕೆ ಗೊತ್ತಾಗಲ್ವಾ?" ಎಂದಳು ಗಿಣಿ ಅಡುಗೆಮನೆಯಿಂದ.

"ಅದಕ್ಕೇನು ಕಣ್ಣಿದ್ಯಾ? ನೀನು ಓದು."

ಚಾಲಕ ಮಾತ್ರ ಬಾಗಿಲಿಗೆ ಒರಗಿ ನಿಂತು, "ಇದು ಸರಿ ಇಲ್ಲ ಕಣೇ" ಎಂದ. ಬಿಚ್ಚು ಎಂದು ಹೇಳಲಿಲ್ಲ.

ಆ ದಿನ ಹಸಿರು ಚುಕ್ಕೆ ಬಿತ್ತು. ಮರುದಿನವೂ. ಆಮೇಲೆ ದಿನಾ ಬೆಳಗ್ಗೆ ಏಳೂವರೆಗೆ ಅವನು ಬಂದು ಬ್ರೆಡ್ಡು, ಮೊಟ್ಟೆ ತಿಂದು, ಪಟ್ಟಿ ಬಿಚ್ಚಿ ತಾಯಿಯ ಮುಂದೆ ಇಡುವುದು; ಮುದುಕಿ "ನನ್ನ ಡ್ಯೂಟಿ ಶುರು" ಎನ್ನುತ್ತಾ ಕೈ ಚಾಚುವುದು. ಸಂಜೆ ಮತ್ತೆ ಅವನ ಕೈಗೆ. ಮಧ್ಯೆ ಮುದುಕಿ ತರಕಾರಿ ಹೆಚ್ಚಲು ಕೂತರೆ ಸೊಸೆಯೇ, "ಅಯ್ಯೋ, ನೀವು ಬಿಡಿ ಅತ್ತೆ, ಮಲಗಿ" ಎಂದು ಚಾಕು ಕಿತ್ತುಕೊಳ್ಳುತ್ತಿದ್ದಳು. ಮದುವೆಯಾಗಿ ಹದಿನೆಂಟು ವರ್ಷದಲ್ಲಿ ಅತ್ತೆಗೆ ಇಂಥ ಉಪಚಾರ ಸಿಕ್ಕಿರಲಿಲ್ಲ.

ಇಲ್ಲಿ ಒಂದು ಮಾತನ್ನು ಮುಚ್ಚಿಡದೆ ಹೇಳಿಬಿಡಬೇಕು. ಪಟ್ಟಿ ಅತ್ತೆಯ ಕೈಗೆ ಹೋದ ನಾಲ್ಕನೇ ದಿನಕ್ಕೆ ಹೊಲಿಗೆಯವಳು ಮಿಷನ್ನಿನ ಮೇಲಿನ ಹೊದಿಕೆ ತೆಗೆದಳು. ಮೊದಲು ಮೆಲ್ಲಗೆ ತುಳಿದಳು, ಆಮೇಲೆ ಮೋಟಾರು ಹಾಕಿದಳು. ಮುದುಕಿಗೆ ಆ ಸದ್ದು ಜೋಗುಳವೇ ಆಗಿತ್ತು. ಒಳಗೆ ಮಲಗಿದ್ದವನಿಗೆ? ಅವಳು ಕೇಳಲಿಲ್ಲ. ಬಾಕಿ ಬಿದ್ದಿದ್ದ ಗಂಟುಗಳು ಅವಳ ಎದುರು ಗೋಡೆಯೆತ್ತರ ನಿಂತಿದ್ದವು. ಕೇಳಿದರೆ ಅವನು ಉತ್ತರ ಹೇಳಿಬಿಡುತ್ತಾನೆ ಎಂಬ ಭಯವೂ ಇತ್ತು. ಅವನು ಎರಡು ಗಂಟೆ ಮಲಗಿ ಎದ್ದು ಬಂದು, ಹೇಳಿಸಿಕೊಳ್ಳದೆಯೇ ಕೂತು ಕವರುಗಳನ್ನು ಮಡಿಸಿ ಕಟ್ಟುತ್ತಿದ್ದ.

"ರಾತ್ರಿ ಎಷ್ಟು ಸಲ ಗುರ್ರ್ ಅಂತು?" ಎಂದು ಒಮ್ಮೆ ಕೇಳಿದಳು.

"ಎರಡು ಸಲ."

"ನಿಜವಾಗ್ಲೂ?"

"ಏಳು ಅಂದ್ಕೋ. ಅಂದಾಗೆಲ್ಲ ನಿಲ್ಲಿಸಿ ಮುಖ ತೊಳ್ಕೋತೀನಿ. ಸಾಕಾ?"

ಗುರ್ರೆಂದದ್ದಕ್ಕೆ ಡಿಪೋದವರು ತಲೆ ಕೆಡಿಸಿಕೊಂಡಿರಲಿಲ್ಲ. ಎಚ್ಚರಿಸುವುದು ಪಟ್ಟಿಯ ಕೆಲಸ, ಎಚ್ಚರವಾಗುವುದು ಚಾಲಕನದು ಎಂದು ಬಿಟ್ಟಿದ್ದರು. ಅವರು ನೋಡುತ್ತಿದ್ದುದು ಹಗಲಿನ ನಿದ್ದೆಯನ್ನು. ಅದರಲ್ಲಿ ಇವನನ್ನು ಮೀರಿಸುವವರೇ ಇರಲಿಲ್ಲ. ದಿನಕ್ಕೆ ಏಳು ಗಂಟೆ ನಲವತ್ತು ನಿಮಿಷ! ಮುಂದಿನ ತಿಂಗಳ ಕೊನೆಗೆ ಎಲ್ಲರನ್ನೂ ನಿಲ್ಲಿಸಿಕೊಂಡು, ಚಪ್ಪಾಳೆ ತಟ್ಟಿಸಿ, ಮೇಲ್ವಿಚಾರಕರು ಅವನಿಗೆ ಒಂದು ಸ್ಟೀಲ್ ಫ್ಲಾಸ್ಕ್ ಬಹುಮಾನ ಕೊಟ್ಟರು. 'ಮನೆಯಲ್ಲಿ ಶಿಸ್ತಿದ್ದರೆ ರಸ್ತೆಯಲ್ಲಿ ಶಿಸ್ತು' ಎಂದು ಭಾಷಣವೂ ಆಯಿತು. ಅವನ ಫೋಟೋ ಡಿಪೋದ ಗೋಡೆಗೆ ಹತ್ತಿತು. ಫೋಟೋದಲ್ಲಿ ಅವನ ಕಣ್ಣು ಅರ್ಧ ಮುಚ್ಚಿತ್ತು.

ಅವನು ಫ್ಲಾಸ್ಕ್ ತಂದು ತಾಯಿಯ ಮಡಿಲಲ್ಲಿಟ್ಟ. "ತಗೋ ಅಮ್ಮಾ. ಗೆದ್ದವಳು ನೀನು."

ಆ ದಿನ ಊಟಕ್ಕೆ ಕೂತಾಗ ಎಲ್ಲರೂ ಬಿದ್ದು ಬಿದ್ದು ನಕ್ಕರು. ಮುದುಕಿ ಫ್ಲಾಸ್ಕಿನ ಮುಚ್ಚಳದಲ್ಲಿ ಟೀ ಕುಡಿದು, "ಇಷ್ಟು ವರ್ಷ ದುಡಿದದ್ದಕ್ಕೆ ಯಾರೂ ಏನೂ ಕೊಡ್ಲಿಲ್ಲ, ಮಲಗಿದ್ದಕ್ಕೆ ಕೊಟ್ರು" ಎಂದಳು. ಆಮೇಲೆ ತಟ್ಟೆ ತೊಳೆಯಲು ಎದ್ದವಳು ಒಂದು ಗಳಿಗೆ ಗೋಡೆ ಹಿಡಿದು ನಿಂತಳು.

"ಏನಾಯ್ತು ಅತ್ತೆ?"

"ಏನಿಲ್ಲ, ಕಣ್ಣಿಗೆ ಕತ್ತಲೆ ಬಂದ ಹಾಗಾಯ್ತು. ಮೆಟ್ಟಿಲು ಹತ್ತುವಾಗಲೂ ಹೀಗೇ."

"ನಕ್ಕಿದ್ದು ಜಾಸ್ತಿ ಆಯ್ತು, ಹೋಗಿ ಮಲಗಿ" ಎಂದಳು ಸೊಸೆ.

ಮತ್ತೆ ಮೂರು ದಿನಕ್ಕೆ, ಏಳೂವರೆಗೆ ಬರಬೇಕಾದವನು ಹತ್ತಾದರೂ ಬರಲಿಲ್ಲ. ಮೊಟ್ಟೆ ತಣ್ಣಗಾಯಿತು. ಹೊಲಿಗೆಯವಳು ಎರಡು ಸಲ ಕೆಳಗಿಳಿದು ಬೀದಿ ನೋಡಿ ಬಂದಳು. ಅವಳ ಕಣ್ಣ ಮುಂದೆ ಬರೀ ಪಾರ್ಕಿನ ಗೋಡೆ. ಕೊನೆಗೆ ಅವನು ಬಂದ, ಮೈಗೆ ಏನೂ ಆಗಿರಲಿಲ್ಲ. ಬೂಟು ಬಿಚ್ಚದೆ ಹಾಗೇ ಒಳಗೆ ಬಂದು ಕೂತ. ಕೈಯಲ್ಲೊಂದು ಕಾಗದ.

"ಡಿಪೋ ಡಾಕ್ಟ್ರು ಕರೆಸಿದ್ರು" ಎಂದ. "ನಿದ್ದೆಯಲ್ಲಿ ನನ್ನ ಹೃದಯ ನಿಲ್ಲುತ್ತಂತೆ."

"ನಿಲ್ಲುತ್ತೆ ಅಂದ್ರೆ?"

"ನಿಲ್ಲುತ್ತೆ ಅಂದ್ರೆ ನಿಲ್ಲುತ್ತೆ. ಮೂರು ಸೆಕೆಂಡು, ನಾಲ್ಕು ಸೆಕೆಂಡು. ಮೊನ್ನೆ ಐದು. ಆಮೇಲೆ ಮತ್ತೆ ಶುರುವಾಗುತ್ತಂತೆ. ಯಾವತ್ತೋ ಒಂದು ದಿನ ಶುರುವಾಗಲ್ಲ ಅಂದ್ರು. ಎದೆಗೆ ಒಂದು ಯಂತ್ರ ಕೂರಿಸ್ಬೇಕಂತೆ. ಅಲ್ಲಿವರೆಗೆ ಬಸ್ಸು ಮುಟ್ಟಬೇಡ ಅಂದ್ರು."

ಹೊಲಿಗೆಯವಳು ಓಡಿ ಬಂದು ಪಕ್ಕ ಕೂತಳು. ಅವನ ಅಂಗಿಯೊಳಗೆ ಕೈ ಹಾಕಿ ಎದೆ ಮುಟ್ಟಿ ನೋಡಿದಳು, ಅಳುವೇ ಬಂತು. "ನನ್ನ ಮಿಷನ್ನಿಂದಾನೇ ಹಿಂಗಾಯ್ತು" ಎಂದಳು. ಸಾವಿನ ಮಾತು ಕೇಳಿದ ಗಾಬರಿಯಲ್ಲಿ ಗಂಡ ಹೆಂಡತಿ ಇಬ್ಬರಿಗೂ ಒಂದು ಸಣ್ಣ ವಿಷಯ ಮರೆತೇ ಹೋಗಿತ್ತು. ಅದನ್ನು ನೆನಪಿಸಿದವಳು ಗಿಣಿ. ಅವಳು ಕಾಗದ ತೆಗೆದುಕೊಂಡು ತುಟಿ ಆಡಿಸುತ್ತಾ ಪೂರ್ತಿ ಓದಿದಳು.

"ಅಪ್ಪಾ" ಎಂದಳು, "ಮಲಗಿದ್ದು ನೀನಲ್ಲ."

ಮೂವರೂ ಕಿಟಕಿಯ ಕಡೆ ತಿರುಗಿದರು. ಮುದುಕಿ ಪಟ್ಟಿಗಾಗಿ ಕೈ ಚಾಚಿಕೊಂಡು ಕೂತಿದ್ದಳು.

"ಏನು, ಎಲ್ಲಾ ನನ್ನನ್ನೇ ನೋಡ್ತಿದೀರಿ?"

ಅವಳೇನು ದಡ್ಡಿಯಲ್ಲ, ಚಾಚಿದ ಕೈಯನ್ನು ಮೆಲ್ಲಗೆ ಮಡಿಲಿಗೆ ಎಳೆದುಕೊಂಡಳು.

ಮಧ್ಯಾಹ್ನ ಅನ್ನ, ಆಲೂಗಡ್ಡೆ ಪಲ್ಯ ತಟ್ಟೆಯಲ್ಲಿ ಹಾಗೇ ಕೂತಿತ್ತು. ಚಾಲಕ ಒಂದು ಉಪಾಯ ಹೇಳಿದ.

"ಅವರು ಹೇಳಿದ ಆಸ್ಪತ್ರೆಗೆ ನಾನು ಹೋಗ್ತೀನಿ. ನನ್ನ ಎದೆ ಗಟ್ಟಿಯಾಗೇ ಇದೆ. ಪರೀಕ್ಷೆಯಲ್ಲಿ ಏನೂ ಸಿಗಲ್ಲ. ಪಟ್ಟಿ ಕೆಟ್ಟಿತ್ತು ಅಂತಾರೆ, ಹೊಸದು ಕೊಡ್ತಾರೆ. ಮುಗೀತು."

"ಅತ್ತೆ?"

"ಅಮ್ಮನ್ನ ನೀನು ಸರ್ಕಾರಿ ಆಸ್ಪತ್ರೆಗೆ ಕರ್ಕೊಂಡು ಹೋಗು. ಇದಕ್ಕೂ ಅದಕ್ಕೂ ಸಂಬಂಧ ಇಲ್ಲದ ಹಾಗೆ."

ಹಾಗೇ ಮಾಡಿದರು. ಸರ್ಕಾರಿ ಆಸ್ಪತ್ರೆಯಲ್ಲಿ ಅರ್ಧ ದಿನ ಕ್ಯೂ ನಿಂತಮೇಲೆ ಮುದುಕಿಯ ಎದೆಗೆ ತಂತಿ ಅಂಟಿಸಿ ಎರಡು ನಿಮಿಷ ನೋಡಿದರು. ಎಚ್ಚರವಾಗಿದ್ದ ಹೃದಯ ಒಳ್ಳೆಯ ಹುಡುಗಿಯ ಹಾಗೆ ಸರಿಯಾಗಿ ಬಡಿಯಿತು. ತರುಣ ಡಾಕ್ಟರು ಕಾಗದ ನೋಡಿ, "ಏನೂ ಕಾಣ್ತಿಲ್ಲವಲ್ಲ" ಎಂದರು.

"ನಿದ್ದೆಯಲ್ಲಿ ನಿಲ್ಲುತ್ತೆ ಡಾಕ್ಟ್ರೇ."

"ನಿಮಗೆ ಹೇಗೆ ಗೊತ್ತು?"

"ಹಂಗನ್ನಿಸ್ತು."

ಡಾಕ್ಟರು ಕೆಟ್ಟವರಲ್ಲ. "ಹಾಗಿದ್ರೆ ಒಂದು ಹಗಲು, ಒಂದು ರಾತ್ರಿ ಮೈಗೆ ಯಂತ್ರ ಕಟ್ಟಿ ನೋಡ್ಬೇಕು. ನಮ್ಮ ಹತ್ರ ಇರೋದು ಎರಡೇ. ಹನ್ನೊಂದು ವಾರ ಆದ್ಮೇಲೆ ಬನ್ನಿ" ಎಂದು ಚೀಟಿ ಬರೆದರು. "ನಿಲ್ಲುತ್ತೆ ಅನ್ನೋದಕ್ಕೆ ಏನಾದ್ರೂ ದಾಖಲೆ ಇದ್ರೆ ತನ್ನಿ. ಮೊದಲು ಕರೀತೀವಿ. ಬರೀ ಬಾಯಿಮಾತಿಗೆ ಆಗಲ್ಲಮ್ಮ."

ಅದೇ ವಾರ ಚಾಲಕನ ಪರೀಕ್ಷೆಯೂ ಆಯಿತು. ಎತ್ತಿನಂಥ ಹೃದಯ ಎಂದರಂತೆ. ಸೋಮವಾರ ಸಂಜೆ ಬಂದು ಹೊಸ ಪಟ್ಟಿ ಕಟ್ಟಿಸಿಕೊಂಡು ಬಸ್ಸು ಹತ್ತು ಎಂದು ಡಿಪೋದಿಂದ ಹೇಳಿ ಕಳಿಸಿದರು. ಅವನು ಅಂದುಕೊಂಡ ಹಾಗೇ ಎಲ್ಲಾ ನಡೆದಿತ್ತು.

ಶನಿವಾರ ಊಟಕ್ಕೆ ಕೂತಾಗ ಹೆಂಡತಿ ಬಾಯಿ ಬಿಟ್ಟಳು. "ದಾಖಲೆ ಡಿಪೋದಲ್ಲಿದೆ. ಆರು ವಾರದ್ದು. ದಿನಾ ಏಳೂವರೆ ಗಂಟೆಯದು."

"ಇದೆ, ನನ್ನ ಹೆಸರಲ್ಲಿ. ಏನಂತ ಕೇಳ್ತೀಯ? ಆರು ವಾರ ನಿಮ್ಮ ಕಣ್ಣಿಗೆ ಮಣ್ಣು ಹಾಕಿದ್ವಿ, ಈಗ ಆ ಮಣ್ಣು ವಾಪಸ್ ಕೊಡಿ ಅಂತಲಾ?"

"ಅವರಿಗೂ ತಾಯಿ ಇರ್ತಾರೆ."

"ನನಗೂ ಇದಾಳೆ! ಹೆತ್ತವಳ ಚಿಂತೆ ನನಗಿಂತ ನಿನಗೇ ಹೆಚ್ಚಾಯ್ತಾ? ಹನ್ನೊಂದು ವಾರ ತಾನೇ? ಎಪ್ಪತ್ತೆರಡು ವರ್ಷ ಓಡಿದ್ದು ಇನ್ನು ಹನ್ನೊಂದು ವಾರ ಓಡಲ್ವಾ?"

ಆಡಿದ ಮಾತು ಅವನ ಕಿವಿಗೇ ಬಿತ್ತು. ಅರ್ಧ ಊಟ ಬಿಟ್ಟು ಕೈ ತೊಳೆಯಲು ಎದ್ದುಹೋದ.

"ಅವನು ಹೇಳೋದು ಸರಿ ಕಣೇ" ಎಂದಳು ಅತ್ತೆ. "ನಾನು ಓಡ್ತೀನಿ. ಗಿಣಿಯ ಪರೀಕ್ಷೆ ಮುಗೀಲಿ, ಇವನು ನೆಲೆಗೆ ನಿಲ್ಲಲಿ. ನನ್ನ ಸುದ್ದಿಗೆ ಹೋಗಬೇಡ."

ಹೊಲಿಗೆಯವಳು ಹೋಗುತ್ತಿರಲಿಲ್ಲವೇನೋ. ಆದರೆ ಭಾನುವಾರ ಬೆಳಗ್ಗೆ ಅತ್ತೆಯ ಕೈಯಿಂದ ಫ್ಲಾಸ್ಕ್ ಜಾರಿ ಬಿತ್ತು. ಅವಳು ಓಡಿ ಬರುವಷ್ಟರಲ್ಲಿ ಮುದುಕಿ ಒಲೆಯ ಪಕ್ಕ ನೆಲದ ಮೇಲೆ ಕೂತಿದ್ದಳು. ಕಣ್ಣು ತೆರೆದೇ ಇತ್ತು, ಯಾರನ್ನೂ ನೋಡುತ್ತಿರಲಿಲ್ಲ. "ಅತ್ತೆ! ಅತ್ತೆ!" ಎಂದು ಭುಜ ಹಿಡಿದು ಅಲುಗಾಡಿಸಿದಾಗ ಉಸಿರೆಳೆದುಕೊಂಡು, "ಟೀ ಚೆಲ್ಲಿತಾ?" ಎಂದು ಕೇಳಿದಳು. ಅಂದರೆ ಈಗ ಹೃದಯ ನಿಲ್ಲಲು ನಿದ್ದೆಯೂ ಬೇಕಾಗಿರಲಿಲ್ಲ.

ಸೋಮವಾರ ಬೆಳಗ್ಗೆ ಅವಳು ಹೊಲಿದ ಗಂಟು ಕೊಟ್ಟುಬರುತ್ತೇನೆ ಎಂದು ಹೇಳಿ ಡಿಪೋಗೆ ಹೋದಳು. ಸಾಲಾಗಿ ನಿಂತ ಬಸ್ಸುಗಳು, ಎಣ್ಣೆಯ ನೆಲ, ಗೋಡೆಯ ಮೇಲೆ ಅರೆಗಣ್ಣಿನ ಗಂಡನ ಫೋಟೋ. ಕಚೇರಿಯ ಹಿಂದಿನ ಸಣ್ಣ ಕೋಣೆಯಲ್ಲಿ ಡಿಪೋ ಡಾಕ್ಟರು, ಕನ್ನಡಕದ ದಪ್ಪನೆಯ ಹೆಂಗಸು, ಕಿತ್ತಳೆ ಸುಲಿಯುತ್ತಾ ಕೂತಿದ್ದರು. ಹೊಲಿಗೆಯವಳು ನಿಂತುಕೊಂಡೇ ಎಲ್ಲವನ್ನೂ ಹೇಳಿದಳು. ಪಟ್ಟಿಗೆ ಬಟ್ಟೆಚೂರು ತುರುಕಿದ್ದನ್ನೂ ಬಿಡಲಿಲ್ಲ.

ಡಾಕ್ಟರಮ್ಮ ಕಿತ್ತಳೆ ಕೆಳಗಿಟ್ಟರು. "ನಿಮ್ಮ ಯಜಮಾನರಿಗೆ ಗೊತ್ತಾ, ನೀವು ಬಂದಿರೋದು?"

"ಇಲ್ಲ."

"ನೋಡಮ್ಮ, ನಾನು ಇನ್ನೂ ಏನೂ ಕೇಳಿಸ್ಕೊಂಡಿಲ್ಲ ಅಂತ ಇಟ್ಕೊಳ್ಳೋಣ. ಹಾಗೇ ಮನೆಗೆ ಹೋಗಿ. ಇವತ್ತು ಸಂಜೆ ಅವರು ಬಸ್ಸು ಹತ್ತುತ್ತಾರೆ."

ಬಾಗಿಲು ತೆರೆದೇ ಇತ್ತು. ಹೊಲಿಗೆಯವಳು ಒಂದು ಸಲ ಬಾಗಿಲು ನೋಡಿದಳು. "ನನಗೆ ಆ ಕಾಗದ ಬೇಕು ಮೇಡಂ" ಎಂದಳು.

"ಕೊಡ್ತೀನಿ. ಆದ್ರೆ ಯಾಕೆ ಕೊಟ್ಟೆ ಅಂತ ಮೇಲಿನವರಿಗೆ ಬರೀಲೇಬೇಕಾಗುತ್ತೆ. ನಿಮ್ಮ ಯಜಮಾನರು ನಿದ್ದೆಯಿಲ್ಲದೆ ಆರು ವಾರ ನಲವತ್ತು ಜನರನ್ನ ಕೂರಿಸ್ಕೊಂಡು ಓಡಿಸಿದಾರೆ. ಅದನ್ನ ತಿಳ್ಕೊಂಡು ನಾನು ಸುಮ್ಮನಿರೋಕಾಗಲ್ಲ. ಇನ್ನೊಂದು, ಇದರ ಮೇಲಿರೋ ಹೆಸರು ಬದಲಾಯಿಸೋ ಅಧಿಕಾರ ನನಗಿಲ್ಲ."

"ಕೊಡಿ."

ನಲವತ್ತೊಂದು ಹಾಳೆ. ಬಿಸಿಬಿಸಿಯಾಗಿ ಒಂದೊಂದೇ ಯಂತ್ರದಿಂದ ಹೊರಬಂದವು. ಏರುವ ಇಳಿಯುವ ಗೆರೆ, ನಡುನಡುವೆ ಹೊಲಿಗೆ ತಪ್ಪಿದ ಜಾಗದ ಹಾಗೆ ಏನೂ ಇಲ್ಲದ ನೆಟ್ಟನೆಯ ಗೆರೆ. ಎದೆಗವಚಿಕೊಂಡು ಅಲ್ಲಿಂದ ನೇರ ಆಸ್ಪತ್ರೆಗೆ ಓಡಿದಳು. ಚೀಟಿ ಬರೆದಿದ್ದ ತರುಣ ಡಾಕ್ಟರು ಬೇರೆ ವಿಭಾಗಕ್ಕೆ ಹೋಗಿದ್ದರು. ಅವರ ಕುರ್ಚಿಯಲ್ಲಿದ್ದವರು ಮೊದಲ ಹಾಳೆ ನೋಡಿ ತಲೆಯೆತ್ತಿದರು.

"ಇದು ಗಂಡಸಿನದು. ನಲವತ್ತಾರು ವರ್ಷ ಅಂತಿದೆ."

"ಹೆಸರು ಮಾತ್ರ ನಮ್ಮ ಯಜಮಾನರದು. ಹೃದಯ ನಮ್ಮ ಅತ್ತೇದು."

ಹಿಂದೆ ಕ್ಯೂನಲ್ಲಿದ್ದವರು ಯಾರೋ ಕಿಸಕ್ಕನೆ ನಕ್ಕರು. ಅವಳು ಅಲ್ಲೇ ಎಲ್ಲರೆದುರು ಮತ್ತೊಮ್ಮೆ ಇಡೀ ಕಥೆ ಹೇಳಿದಳು. ಅವರು ಹಾಳೆಗಳನ್ನು ಜೋಡಿಸಿ, ಅಂಚು ಸರಿಮಾಡಿ, ಹಿಂದಕ್ಕೆ ಕೊಟ್ಟರು.

"ಇದ್ದರೂ ಇರಬಹುದಮ್ಮ. ಆದ್ರೆ ಇನ್ನೊಬ್ಬರ ದಾಖಲೆ ನೋಡಿ ಇವರನ್ನ ಮುಂದಕ್ಕೆ ಹಾಕೋಕೆ ಬರಲ್ಲ. ನಾಳೆ ನನ್ನನ್ನ ಕೇಳ್ತಾರೆ. ನಿಮ್ಮ ತಾರೀಖಿಗೆ ಬನ್ನಿ."

ಅವಳು ಮನೆ ಸೇರುವ ಮೊದಲೇ, ಇನ್ನು ಕೆಲಸಕ್ಕೆ ಬರಬೇಡ ಎಂದು ಡಿಪೋದಿಂದ ಫೋನ್ ಬಂದಿತ್ತು. ಚಾಲಕ ಇಸ್ತ್ರಿ ಮಾಡಿದ ಸಮವಸ್ತ್ರ ಹಾಕಿಕೊಂಡು ಕುರ್ಚಿಯಲ್ಲಿ ಕೂತಿದ್ದ. ಅವನು ಕೂಗಾಡಬಹುದು, ಕೈಯೆತ್ತಲೂಬಹುದು ಎಂದು ಅವಳು ದಾರಿಯುದ್ದಕ್ಕೂ ಮನಸ್ಸು ಗಟ್ಟಿ ಮಾಡಿಕೊಂಡು ಬಂದಿದ್ದಳು. ಅವನು ಕೇಳಿದ್ದು ಇಷ್ಟೇ:

"ಆಸ್ಪತ್ರೆಯವರು ಕಾಗದ ತಗೊಂಡ್ರಾ?"

"ಇಲ್ಲ."

"ಹಂಗಾದ್ರೆ ಎರಡೂ ಹೋಯ್ತು."

"ನಾನು ಅಂದ್ಕೊಂಡೆ..."

"ನೀನು ಅಂದ್ಕೊಂಡೆ. ಆ ದಿನ ಪಟ್ಟಿ ಬಿಚ್ಚುವಾಗಲೂ ನೀನೇ ಅಂದ್ಕೊಂಡೆ, ಇವತ್ತೂ ನೀನೇ ಅಂದ್ಕೊಂಡೆ. ನಾನು ಕಣ್ಣು ಮುಚ್ಚಿದ್ರೆ ನಲವತ್ತು ಜನ ಹೋಗ್ತಾರೆ ಅನ್ನೋದು ಮಿಷನ್ ತುಳೀವಾಗ ನೆನಪಿಗೆ ಬರಲಿಲ್ಲ, ಅಲ್ವಾ? ಈಗ ಸತ್ಯ ನೆನಪಾಯ್ತು."

"ನಿಮಗೆ ಬಂತಾ?" ಎಂದಳು ಅವಳು. "ಕೈ ಕೊಟ್ಟು ಬಿಚ್ಚಿಸ್ಕೊಂಡ್ರಲ್ಲ, ನಿಮಗೆ ಬಂತಾ?"

ಅವನು ಸಮವಸ್ತ್ರದ ಗುಂಡಿ ಬಿಚ್ಚತೊಡಗಿದ. ಅತ್ತೆ ಎದ್ದು ಇಬ್ಬರಿಗೂ ಟೀ ತಂದು ಮುಂದಿಟ್ಟಳು. ಯಾರೂ ಮುಟ್ಟಲಿಲ್ಲ. ಗಿಣಿ ಅಡುಗೆಮನೆಯಲ್ಲಿ ಪುಸ್ತಕ ಹಿಡಿದು ಕೂತಿದ್ದಳು. ಈಗ ಗಟ್ಟಿಯಾಗಿ ಓದಬಹುದಿತ್ತು, ಬೇಡವೆನ್ನುವವರು ಯಾರೂ ಇರಲಿಲ್ಲ. ಅವಳು ತುಟಿಯನ್ನೂ ಆಡಿಸಲಿಲ್ಲ.

ಮೊದಲ ಎರಡು ದಿನ ಚಾಲಕ ಗೋಡೆ ನೋಡುತ್ತಾ ಕೂತ. ಮೂರನೆಯ ದಿನ ಮಲಗಿದ. ಹನ್ನೆರಡು ವರ್ಷ ರಾತ್ರಿಯೆಲ್ಲ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತವನು, ಈಗ ಬೆಳಗ್ಗೆ, ಮಧ್ಯಾಹ್ನ, ಸಂಜೆ ಎನ್ನದೆ ಮಲಗಿದ. ಬೀದಿಯ ಗಲಾಟೆಗೆ ಏಳಲಿಲ್ಲ, ಕುಕ್ಕರಿನ ಸೀಟಿಗೆ ಏಳಲಿಲ್ಲ. ಊಟಕ್ಕೆ ಎಬ್ಬಿಸಿದರೆ ಎದ್ದು, ಎರಡು ತುತ್ತು ತಿಂದು, ಮತ್ತೆ ಗೋಡೆಯ ಕಡೆ ತಿರುಗಿ ಮಲಗಿದ. ಕಿಟಕಿಯ ಕಂಬಳಿ ತೆಗೆದು ಮಡಿಸಿಟ್ಟಿದ್ದರು. ಹಾಸಿಗೆಯ ತುಂಬ ಬಿಸಿಲು ಬಿದ್ದಿದ್ದರೂ ಅವನಿಗೆ ಅದರ ಪರಿವೆಯಿರಲಿಲ್ಲ.

ಅತ್ತೆ ಮಲಗುವುದನ್ನು ಬಿಟ್ಟಳು.

ಯಾರ ಹತ್ತಿರವೂ ಹೇಳಲಿಲ್ಲ ಅವಳು. ಬೆಳಗ್ಗೆ ಎದ್ದು ಪಾತ್ರೆ ತೊಳೆದಳು, ತೊಳೆದ ಪಾತ್ರೆಯನ್ನು ಮತ್ತೆ ತೊಳೆದಳು. ಬೀನ್ಸ್ ಮುಗಿದರೆ ಅಕ್ಕಿ ಆರಿಸಿದಳು. ಕೂತರೆ ರೆಪ್ಪೆ ಕೂರುತ್ತದೆ ಎಂದು ಕಿಟಕಿಯ ಸರಳು ಹಿಡಿದು ನಿಂತಳು. ನಿದ್ದೆಯಲ್ಲಿ ಏನಾಗುತ್ತದೆಂದು ತಿಳಿದಮೇಲೆ ಮಲಗುವುದು ಹೇಗೆ? ಎರಡನೇ ವಾರದ ಹೊತ್ತಿಗೆ ಮುಖ ಇಷ್ಟೇ ಇಷ್ಟಾಗಿತ್ತು, ಕಣ್ಣು ಮಾತ್ರ ಮಗನ ಹಳೆಯ ಕಣ್ಣಿನ ಹಾಗೆ ಕೆಂಡವಾಗಿತ್ತು.

ಒಂದು ಮಧ್ಯಾಹ್ನ ಹೊಲಿಗೆಯವಳು ಮಿಷನ್ನಿನಿಂದ ಎದ್ದು ಬಂದು ಅವಳನ್ನು ಕುರ್ಚಿಯಲ್ಲಿ ಕೂರಿಸಿದಳು. ತಾನು ಕಾಲ ಬಳಿ ನೆಲದ ಮೇಲೆ ಕೂತು, ಪಟ್ಟಿ ಕಟ್ಟಿದ್ದ ಜಾಗದಲ್ಲಿ ಮೂರು ಬೆರಳಿಟ್ಟು ಮಣಿಕಟ್ಟು ಹಿಡಿದುಕೊಂಡಳು.

"ಸ್ವಲ್ಪ ಹೊತ್ತು ಮಲಗಿ ಅತ್ತೆ. ನಾನು ಹಿಡ್ಕೊಂಡಿರ್ತೀನಿ."

"ನಿಂತ್ರೆ?"

"ಎಬ್ಬಿಸ್ತೀನಿ."

"ಏಳ್ಲಿಲ್ಲ ಅಂದ್ರೆ?"

ಸೊಸೆ ಬೆರಳುಗಳನ್ನು ಇನ್ನಷ್ಟು ಒತ್ತಿ ಹಿಡಿದಳು. ಮುದುಕಿ ಅವಳ ತಲೆ ಸವರಿದಳು. "ಈ ಮನೆ ಬಾಡಿಗೆ ಇನ್ನು ಕಟ್ಟೋಕಾಗಲ್ಲ. ಮುಂದಿನ ಮನೇಲಾದ್ರೂ ಗಿಣಿ ಗಟ್ಟಿಯಾಗಿ ಓದಲಿ" ಎಂದಳು. ಒಳಗಿನ ಕೋಣೆಯಿಂದ ಮಗನ ಗೊರಕೆ ಕೇಳಿಸುತ್ತಿತ್ತು. ಅತ್ತೆ ಸ್ವಲ್ಪ ಹೊತ್ತು ಅದನ್ನೇ ಕೇಳಿದಳು. "ಚೆನ್ನಾಗಿ ಮಲಗಿದಾನೆ ಅಲ್ವಾ? ಎಬ್ಬಿಸಬೇಡ" ಎಂದಳು. ಮೆಲ್ಲಗೆ ತಲೆ ಒಂದು ಕಡೆ ವಾಲಿತು.

ಹೊಲಿಗೆಯವಳ ಬೆರಳಿನ ಕೆಳಗೆ ಬಡಿತ ಬಂತು, ಮತ್ತೊಂದು ಬಂತು, ಮತ್ತೊಂದು. ಆಮೇಲೆ ಬರಲಿಲ್ಲ. ಅವಳು ಎಣಿಸತೊಡಗಿದಳು. ಒಂದು. ಎರಡು. ಮೂರು. ನಾಲ್ಕು. ಇನ್ನೊಂದು ಕೈಯನ್ನು ಅತ್ತೆಯ ಭುಜಕ್ಕೆ ಚಾಚಿದಳು. ಐದು.

ಬಡಿಯಿತು.

ಎದುರಿನ ಗೋಡೆಯ ಕ್ಯಾಲೆಂಡರಿನಲ್ಲಿ ಆಸ್ಪತ್ರೆಯ ತಾರೀಖಿಗೆ ಗಿಣಿ ಸುತ್ತು ಹಾಕಿದ್ದಳು. ಅದಕ್ಕೆ ಇನ್ನೂ ಎಂಟು ವಾರ ಬಾಕಿಯಿತ್ತು.